ಕೆಂಪಗಿರುವಾಗಲೇ ಬಡಿಯಬೇಕು

ಪೀಣ್ಯದಲ್ಲಿ ವೆಲ್ಡಿಂಗ್ ಕಿಡಿ ಕಂಡರೆ ನೆನಪಾಗುವುದು ಶಿಪ್‌ಯಾರ್ಡು, ಕಡಲಿಲ್ಲದ ಊರಲ್ಲಿ ಕೂತು! ಹಿಂದೆ ಹಡಗಿನ ಉಕ್ಕಿನ ಹಲಗೆಗಳನ್ನು ಕೂಡಿಸುತ್ತಿದ್ದುದು ರಿವೆಟ್, ಅಂದರೆ ತಲೆಯಿರುವ ಗಟ್ಟಿ ಲೋಹದ ಮೊಳೆ. ಒಂದು ತಂಡಕ್ಕೆ ನಾಲ್ಕೈದು ಜನ: ಕುಲುಮೆಯಲ್ಲಿ ಕಾಯಿಸುವವನು, ಅದನ್ನು ತೂತಿಗೆ ತೂರಿಸುವ ಹುಡುಗ, ಒಳಗಿನಿಂದ ತಲೆಗೆ ಒತ್ತಿ ನಿಲ್ಲುವವನು, ಆಚೆಯಿಂದ ಬಡಿಯುವವರು. ಕೆಂಪಗಿರುವಾಗಲೇ ಬಡಿಯಬೇಕು, ತಣಿಯುತ್ತ ಕುಗ್ಗುವ ರಿವೆಟ್ಟೇ ಹಲಗೆಗಳನ್ನು ಬಿಗಿಯುವುದು. ಆರಿದ್ದನ್ನು ಬಡಿದರೆ ಸಡಿಲ, ನೀರು ಜಿನುಗುತ್ತದೆ. ಆ ಸದ್ದಿಗೆ ಎಷ್ಟೋ ಜನ ಕಿವುಡರಾದರು.

ಈಗ ಅಷ್ಟೂ ಜನರ ಕೆಲಸ ಒಬ್ಬ ವೆಲ್ಡರ್‌ನ ಮುಖವಾಡದೊಳಗೆ. ಹಡಗಿನ ಉಕ್ಕಿಗೆ ಬಳಸುವ 7018 ನಂಬರಿನ ವೆಲ್ಡಿಂಗ್ ರಾಡನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಓವನ್ನಿನಲ್ಲಿ ಒಣಗಿಸದಿದ್ದರೆ, ತೇವದ ಹೈಡ್ರೋಜನ್ ಬೆಸುಗೆಗಿಳಿದು ಎಷ್ಟೋ ಹೊತ್ತಿನ ಮೇಲೆ ಬಿರುಕು. ಮನೆ ಗೇಟಿಗೆ 6013 ಸಾಕು, ಈ ಮಡಿ ಬೇಡ ಬಿಡಿ.