ಎಫ್6 ಕೊನೆಗೂ ಒಡೆಯಿತು!

ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡಿನ ಉತ್ತರ ಕಾಣುವ ಕಿಟಕಿ) 274177 ಬಂತು. ಆರನೇ ಫರ್ಮಾ ಸಂಖ್ಯೆ ಎಫ್6, ಅಂದರೆ 2ರ 64ನೇ ಘಾತಕ್ಕೆ 1 ಕೂಡಿಸಿದ್ದು, ಅಪವರ್ತನಗಳಾಗಿ ಒಡೆಯಿತು. ಅಂಕಿಯಲ್ಲಿ ಬರೆದರೆ 18446744073709551617. ಲ್ಯಾಪ್‌ಟಾಪ್‌ನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ಗೊತ್ತು. ಅದರಲ್ಲೇನು ಮಜಾ? 8 ಬಿಟ್ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲೇ ಆಗಬೇಕು ಅನ್ನೋದು ನನ್ನ ಹಠ.

ವೈರಿಂಗ್ ಕಥೆ ಬಿಡಿ. ಕಾಡಿದ್ದು ಒಂದೇ. 64 ಬಿಟ್‌ಗೆ ಹಿಡಿಸುವ ಅತಿ ದೊಡ್ಡ ಸಂಖ್ಯೆಯ ಕೊನೆ 615. ನಮ್ಮದರ ಕೊನೆ 617. ಎರಡೇ ಎರಡು ಜಾಸ್ತಿ! ವೇರಿಯಬಲ್‌ಗೆ ತುಂಬಿದರೆ ಸುತ್ತಿಕೊಂಡು ಬಂದು ಉಳಿಯೋದು 1. ಒಂದರ ಅಪವರ್ತನ ಹುಡುಕೋಕೆ ಬೋರ್ಡ್ ಯಾಕೆ? ಸರಿ, ಎರಡು ತುಂಡು ಮಾಡಿ ಇಟ್ಟರೆ ಕ್ಯಾರಿ, ಶಿಫ್ಟ್ ಅಂತ ಭಾಗಾಕಾರದ ಕೋಡು ಹನುಮಂತನ ಬಾಲದ ಹಾಗೆ ಬೆಳೆಯಿತು.

ಡಿಸ್ಪ್ಲೇಯದ್ದು ಇನ್ನೊಂದು ಗೋಳು. 20×4 (ಸಾಲಿಗೆ 20 ಅಕ್ಷರ, ನಾಲ್ಕು ಸಾಲು) ಕೇಳಿದರೆ ಅಂಗಡಿಯವರು 16×2 ಕಟ್ಟಿ ಕೊಟ್ಟರು. "ಎರಡೂ ಒಂದೇ ಸಾರ್!" ಒಂದೇ ಅಂತೆ. ನನ್ನ ಸಂಖ್ಯೆಗೆ ಇರೋದು 20 ಅಂಕಿ. ಉಳಿದ ನಾಲ್ಕನ್ನು ಅವರ ಬಿಲ್ ಮೇಲೆ ಬರೆದುಕೊಳ್ಳಲಾ?

ದಾರಿ ಸಿಕ್ಕಿದ್ದು ಹೀಗೆ: ಎಫ್6 ಅನ್ನು ಇಟ್ಟುಕೊಳ್ಳೋದೇ ಬೇಡ. 2ರಿಂದ ಶುರು ಮಾಡಿ ಆರು ಸಲ ವರ್ಗ ಮಾಡಿ. ಪ್ರತಿ ಸಲ, ಪರೀಕ್ಷಿಸುತ್ತಿರುವ ಸಂಖ್ಯೆ ಪಿ ಇಂದ ಭಾಗಿಸಿ ಶೇಷ ಮಾತ್ರ ಉಳಿಸಿ. ಕೊನೆಗೆ ಪಿಗಿಂತ ಒಂದು ಕಡಿಮೆ ಬಂದರೆ ಪಿ ನಮ್ಮ ಅಪವರ್ತನ. ಎಲ್ಲ ಲೆಕ್ಕವೂ 64 ಬಿಟ್ ಒಳಗೇ ಮುಗಿಯುತ್ತದೆ. ಎಲ್ಲ ಪಿ ನೋಡಬೇಕಾಗಿಯೂ ಇಲ್ಲ. ಗಣಿತಜ್ಞ ಲೂಕಾಸ್ ಪುಣ್ಯಾತ್ಮ 1878ರಲ್ಲೇ ತೋರಿಸಿದ್ದಾನೆ, ಇಲ್ಲಿ 256ಕೆ+1 (ಕೆ ಅಂದರೆ 1, 2, 3...) ರೂಪದವು ಮಾತ್ರ ಸಾಕು. ಕೆ 1071 ಆದಾಗ ಬಿತ್ತು ಬಲೆಗೆ.

ನಂಬಿಕೆ ಬರಲಿಲ್ಲ, ಹಾಳೆ ತಗೊಂಡೆ. 274177ರಿಂದ ಭಾಗಿಸಿದರೆ 2ರ 32ನೇ ಘಾತದ ಶೇಷ 258768. ಅದನ್ನು −15409 (274177 ಕಳೆದು) ಅಂದರೂ ಒಂದೇ. 2ರ 64ನೇ ಘಾತದ ಬದಲಿಗೆ 15409ರ ವರ್ಗ ಸಾಕು, ಅದು 237437281. ಅದಕ್ಕೆ 1 ಸೇರಿಸಿದರೆ ಸರಿಯಾಗಿ 866 × 274177. ಎಷ್ಟು ಚೊಕ್ಕ ನೋಡಿ! ಫ್ರೆಂಚ್ ಗಣಿತಜ್ಞ ಲಾಂಡ್ರಿ 1880ರಲ್ಲಿ ಇದನ್ನು ಒಡೆದಾಗ ವಯಸ್ಸು 80 ದಾಟಿತ್ತು. ಕೈಯಲ್ಲಿ ಬೋರ್ಡೂ ಇರಲಿಲ್ಲ, ಬೈಯೋಕೆ ಅಂಗಡಿಯವರೂ ಇರಲಿಲ್ಲ.

ಇನ್ನೊಂದು ತುಂಡು 67280421310721. ಅದರ ವರ್ಗಮೂಲ 82 ಲಕ್ಷ ಚಿಲ್ಲರೆ, ಹಾಗಾಗಿ ಕೆ 32040 ಆಗುವ ತನಕ ಅದೇ ಲೂಪ್ ಓಡಿಸಿದರೆ ಸಾಕು. ಏನೂ ಸಿಗಲಿಲ್ಲ. ಅವಿಭಾಜ್ಯವೇ.

ಮುಂದೆ ಎಫ್7 (2ರ 128ನೇ ಘಾತಕ್ಕೆ 1 ಕೂಡಿಸಿದ್ದು) ಅಂತ ಹಾರಬೇಡಿ. ಅದರ ಚಿಕ್ಕ ಅಪವರ್ತನಕ್ಕೇ 17 ಅಂಕಿ. ಈ ದಾರಿಯಲ್ಲಿ ಹೋದರೆ ಕೆ ನೂರು ಲಕ್ಷ ಕೋಟಿ ದಾಟಬೇಕು. ಮಾರಿಸನ್, ಬ್ರಿಲ್‌ಹಾರ್ಟ್ 1970ರಲ್ಲಿ ಅದನ್ನು ಒಡೆದದ್ದು ಬೇರೆ ವಿಧಾನದಿಂದ. ತಮಾಷೆ ಏನಂದ್ರೆ, ಎಫ್8ಗೆ 78 ಅಂಕಿ ಇದ್ದರೂ ಅದರ ಚಿಕ್ಕ ಅಪವರ್ತನಕ್ಕೆ 16 ಅಂಕಿ ಮಾತ್ರ. ಬ್ರೆಂಟ್, ಪೊಲಾರ್ಡ್ 1980ರಲ್ಲಿ ಅದನ್ನು ರೋ ಎಂಬ ಅಪವರ್ತನ ಹುಡುಕುವ ವಿಧಾನದಲ್ಲಿ ಹಿಡಿದರು. ಎಫ್7 ಹಾರಿಸಿ ನೇರ ಅಲ್ಲಿಗೇ ಕೈ ಹಾಕೋಣ ಅಂತಿದ್ದೇನೆ. 32 ಬಿಟ್ ಬೋರ್ಡ್ ಆರ್ಡರ್ ಮಾಡಿಯೂ ಆಯ್ತು, ಈ ಸಲ ಬೇರೆ ಅಂಗಡಿಯಲ್ಲಿ.