ಲಾಗೋಸ್ ಯಾರಪ್ಪಂದು?

9,848.

ನಾನು ಲೆಕ್ಕ ಬರೆಯುವವನು. ಕೆಲವು ಸಂಖ್ಯೆಗಳು ತಲೆಯಿಂದ ಹೋಗುವುದೇ ಇಲ್ಲ. 2023ರ ಫೆಬ್ರವರಿ 25ರ ಶನಿವಾರ ನೈಜೀರಿಯಾದಲ್ಲಿ ಅಧ್ಯಕ್ಷರ ಚುನಾವಣೆ ಆಯಿತು. ಲಾಗೋಸ್ ರಾಜ್ಯದಲ್ಲಿ ಪೀಟರ್ ಓಬಿಗೆ ಬಿದ್ದದ್ದು 5,82,454 ವೋಟು, ಬೋಲಾ ಟಿನುಬುಗೆ 5,72,606. ಕಳೆದರೆ ಉಳಿಯುವುದು ಈ 9,848. ಟಿನುಬು ಯೊರುಬಾ ಜನ, ಲಾಗೋಸ್ ಇರುವ ನೈಋತ್ಯ ಭಾಗ ಯೊರುಬಾಗಳದ್ದು. 1999ರಿಂದ 2007ರವರೆಗೆ ಇದೇ ಲಾಗೋಸಿನ ಗವರ್ನರ್ ಆಗಿದ್ದವರು. ಓಬಿ ಪೂರ್ವದ ಅನಂಬ್ರಾ ರಾಜ್ಯದವರು, ಇಗ್ಬೊ ಎಂಬ ಇನ್ನೊಂದು ದೊಡ್ಡ ಜನಾಂಗ. ಟಿನುಬು ದೇಶ ಗೆದ್ದರು, ಮನೆಯಂಗಳದಲ್ಲಿ ಸೋತರು.

ಆಗ ನಾನು ಲಾಗೋಸಿನ ಇಲುಪೆಜುವಿನಲ್ಲಿದ್ದೆ. ಪ್ಲಾಸ್ಟಿಕ್ ಡಬ್ಬ ಮಾಡುವ ಒಂದು ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿ ಕೆಲಸ. ಊರಿಡೀ ನೋಟಿಗೆ ಬರ. ಹಳೇ 200, 500, 1000 ನೈರಾ ನೋಟು ಬದಲಾಯಿಸುತ್ತೇವೆ ಎಂದು ಸರ್ಕಾರ ಹೊರಟಿತ್ತು, ಹೊಸ ನೋಟು ಬ್ಯಾಂಕಿನಲ್ಲೇ ಇರಲಿಲ್ಲ. 2016 ನೋಡಿದ್ದ ನಮ್ಮಂಥವರಿಗೆ ಇದೇನು ಹೊಸದಲ್ಲ ಬಿಡಿ. ರಸ್ತೆ ಬದಿ ಛತ್ರಿ ಹಾಕಿಕೊಂಡು ಕಾರ್ಡ್ ಉಜ್ಜುವ ಪಿಒಎಸ್ ಮೆಷಿನ್ ಇಟ್ಟುಕೊಂಡು ಕೂತ ಹುಡುಗರು ಕಮಿಷನ್ ಮುರಿದುಕೊಂಡು ನೋಟು ಕೊಡುತ್ತಿದ್ದರು. ಅಂಥ ಹೊತ್ತಿನಲ್ಲಿ, ಸೋಮವಾರ, ಲಾಗೋಸಿನ ಫಲಿತಾಂಶ ಬಂತು.

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪು ಅಲ್ಲಿಯವರೆಗೆ ಸಾಧು ಗ್ರೂಪು. ಜನರೇಟರ್ ಎಷ್ಟು ಗಂಟೆಗೆ ಆಫ್, ಯಾರ ಹುಟ್ಟುಹಬ್ಬ, ಬೆಳಗಿನ ಪ್ರಾರ್ಥನೆ, ಇಷ್ಟೇ. ಅವತ್ತು ನಮ್ಮ ಸ್ಟೋರ್ ಕೀಪರ್ ಫಲಿತಾಂಶದ ಫೋಟೋ ಹಾಕಿ ಕೆಳಗೆ ನಗುವ ಮುಖ ಇಟ್ಟ. ಆತ ಅನಂಬ್ರಾದ ನ್ನೇವಿ ಕಡೆಯ ಇಗ್ಬೊ. ಹುಡುಗನಾಗಿದ್ದಾಗ ಅಲಬಾ ಮಾರ್ಕೆಟ್ಟಿನಲ್ಲಿ ಒಬ್ಬ ಸಾಹುಕಾರನ ಟಿವಿ ಅಂಗಡಿಯಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದವನು. ಅದು ಇಗ್ಬೊಗಳ ಪದ್ಧತಿ. ಕೆಲಸ ಕಲಿತ ಮೇಲೆ ಸಾಹುಕಾರನೇ ಬಂಡವಾಳ ಕೊಟ್ಟು ಅಂಗಡಿ ಹಾಕಿಸಿಕೊಡಬೇಕು. ಇವನಿಗೆ ಕೊಡಲಿಲ್ಲ, ಅದಕ್ಕೇ ನಮ್ಮಲ್ಲಿಗೆ ಬಂದಿದ್ದ. ನಗುವ ಮುಖಕ್ಕೆ ಕ್ಯಾಷಿಯರ್ ಮೇಡಂ ಉತ್ತರ ಹಾಕಿದರು. ಅವರು ಓಗುನ್ ರಾಜ್ಯದ ಇಜೆಬು ಕಡೆಯ ಯೊರುಬಾ ಹೆಂಗಸು. ಚರ್ಚಿನಲ್ಲಿ ಹಾಡುವವರು, ಗಟ್ಟಿಯಾಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. "ಲಾಗೋಸಿಗೆ ಅಪ್ಪ ಅಮ್ಮ ಇದ್ದಾರೆ. ಅನಾಥ ಊರಲ್ಲ ಇದು" ಎಂದು ಬರೆದರು. ಮಧ್ಯಾಹ್ನದೊಳಗೆ ಇನ್ನೂರು ಮೆಸೇಜು.

ಮೇಡಂ ಸಿಟ್ಟಿಗೆ ಕಾರಣವಿತ್ತು. "ಲಾಗೋಸ್ ಯಾರಪ್ಪನ ಸ್ವತ್ತೂ ಅಲ್ಲ" ಎನ್ನುವುದು ಹಳೇ ವಾದ. 1991ರ ಡಿಸೆಂಬರ್‌ವರೆಗೆ ಇದೇ ದೇಶದ ರಾಜಧಾನಿ. ಸೇತುವೆ, ಬಂದರು, ಎಲ್ಲ ಕಟ್ಟಿದ್ದು ಇಡೀ ದೇಶದ ದುಡ್ಡಲ್ಲಿ, ಆಮೇಲೆ ದಕ್ಷಿಣದ ನೈಜರ್ ಡೆಲ್ಟಾದ ಪೆಟ್ರೋಲಿಯಂ ಎಣ್ಣೆ ದುಡ್ಡಲ್ಲಿ, ಹಾಗಾಗಿ ಎಲ್ಲರಿಗೂ ಸೇರಿದ್ದು ಎಂದು ಹೊರಗಿಂದ ಬಂದವರು ಹೇಳುತ್ತಾರೆ. ಯೊರುಬಾಗಳಿಗೆ ಇದು ಬಾಡಿಗೆಗೆ ಬಂದವನು ಮನೆ ಮಾಲೀಕನ ಹೆಸರಿನ ಬೋರ್ಡು ಕಿತ್ತ ಹಾಗೆ ಕೇಳಿಸುತ್ತದೆ. ಎರಡು ಕಡೆಯೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಅದಕ್ಕೇ ಮುಗಿಯುವುದಿಲ್ಲ.

ಮೂರು ವಾರ ಬಿಟ್ಟು, ಮಾರ್ಚ್ 18ಕ್ಕೆ, ಗವರ್ನರ್ ಚುನಾವಣೆ. ಆ ಮೂರು ವಾರ ಟ್ವಿಟರ್ ನೋಡಿದವರಿಗೆ ಹೊಟ್ಟೆ ತೊಳಸಿರಬೇಕು. ಓಬಿ ಪಕ್ಷದಿಂದ ನಿಂತವರು ಗ್ಬಾಡೆಬೊ ರೋಡ್ಸ್-ವೀವರ್. ಲಾಗೋಸಿನ ಹಳೇ ಮನೆತನದವರು, ಯೊರುಬಾ. ಆದರೆ ತಾಯಿ ಇಗ್ಬೊ, ಹೆಂಡತಿ ಇಗ್ಬೊ, ಅವರ ಹೆಸರಿನ ನಡುವೆ ಚಿನೆಡು ಎಂಬ ಇಗ್ಬೊ ಹೆಸರು. ಇದ್ದಕ್ಕಿದ್ದ ಹಾಗೆ ಎಲ್ಲ ಪೋಸ್ಟ್‌ಗಳಲ್ಲೂ ಅವರು ಬರೀ "ಚಿನೆಡು" ಆದರು. ಯೊರುಬಾ ಬರುತ್ತದಾ ಎಂದು ಟಿವಿ, ಫೋನು ಎಲ್ಲ ಕಡೆ ಪರೀಕ್ಷೆ. ಬಸ್ ಸ್ಟ್ಯಾಂಡುಗಳನ್ನು ಆಳುತ್ತಿದ್ದ ಎಂ.ಸಿ. ಒಲುವೊಮೊ ಒಂದು ವಿಡಿಯೋದಲ್ಲಿ ಇಗ್ಬೊ ಹೆಸರಿನ ಒಬ್ಬ ತಾಯಿಯನ್ನು ಹೆಸರಿಸಿ, ನಮಗೆ ಹಾಕದಿದ್ದರೆ ಮನೆಯಲ್ಲೇ ಇರು ಎಂದರು. ಪೊಲೀಸ್ ವಕ್ತಾರರು ಅದು ತಮಾಷೆ ಎಂದುಬಿಟ್ಟರು! ಅವತ್ತು ಲಾಗೋಸಿನ ಕೆಲವು ಬೂತುಗಳಲ್ಲಿ ಮುಖ ನೋಡಿ, ಹೆಸರು ಕೇಳಿ ಜನರನ್ನು ವಾಪಸ್ ಕಳಿಸಿದರು, ಹೊಡೆದರು. ಟಿನುಬು ಪಕ್ಷದ ಸಾನ್ವೋ-ಓಲು 7,62,134 ವೋಟು ತಗೊಂಡು ಗೆದ್ದರು. ನಮ್ಮ ಸ್ಟೋರ್ ಕೀಪರ್ ವೋಟಿಗೆ ಹೋಗಲೇ ಇಲ್ಲ. "ಓಗಾ, ನನ್ನ ಮೂಗೇ ನನ್ನ ಐಡಿ ಕಾರ್ಡು" ಎಂದ. ಓಗಾ ಎಂದರೆ ಅಲ್ಲಿ ಸಾರ್ ಎಂದ ಹಾಗೆ.

ಇದನ್ನೆಲ್ಲ ಊರಲ್ಲಿ ಹೇಳಿದಾಗ ಗೆಳೆಯರು "ಎಲ್ಲ ಮೊಬೈಲಿಂದ ಹಾಳಾಯ್ತು" ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1948ರಲ್ಲಿ ಲಾಗೋಸಿನಲ್ಲಿ ಯಾರ ಹತ್ತಿರ ಮೊಬೈಲ್ ಇತ್ತು? ಆಗ ಎರಡು ಪತ್ರಿಕೆಗಳು. ಇಗ್ಬೊ ನಾಯಕ ನಾಮ್ದಿ ಅಜಿಕಿವೆಯ ವೆಸ್ಟ್ ಆಫ್ರಿಕನ್ ಪೈಲಟ್, ಎದುರು ಬಣದ ಡೈಲಿ ಸರ್ವಿಸ್. ಇಬ್ಬರೂ ದಿನಾ ಬೆಳಿಗ್ಗೆ ಪರಸ್ಪರ ಉಗಿಯುತ್ತಿದ್ದರು. ಕೊನೆಗೆ ಎರಡೂ ಕಡೆಯ ಪುಂಡರು ಮಾರ್ಕೆಟ್ಟಿನಲ್ಲಿದ್ದ ಮಚ್ಚುಗಳನ್ನೆಲ್ಲ ಕೊಂಡುಕೊಳ್ಳುವ ಮಟ್ಟಕ್ಕೆ ಹೋಯಿತು. ಪುಣ್ಯಕ್ಕೆ ಬಳಸಲಿಲ್ಲ. 1951ರಲ್ಲಿ ಪಶ್ಚಿಮ ಪ್ರಾಂತ್ಯದ ಶಾಸನಸಭೆಯಲ್ಲಿ ಬಹುಮತ ಅಜಿಕಿವೆ ಪಕ್ಷಕ್ಕೆ ತಪ್ಪಿ ಯೊರುಬಾ ನಾಯಕ ಅವೊಲೊವೊ ಪಕ್ಷಕ್ಕೆ ಹೋಯಿತು. ಗೆದ್ದವರನ್ನು ಜಾತಿ ನೋಡಿ ಎಳೆದುಕೊಂಡರು ಎಂದು ಇಗ್ಬೊಗಳು, ಅವರು ಮೊದಲಿಂದ ನಮ್ಮವರೇ ಎಂದು ಯೊರುಬಾಗಳು. ಎಪ್ಪತ್ತು ವರ್ಷ ದಾಟಿತು. 1951ರಲ್ಲಿ ಅಪ್ಪಂದಿರೂ ಹುಟ್ಟಿರದ ಹುಡುಗರು ನಮ್ಮ ಗ್ರೂಪಿನಲ್ಲಿ ಇದಕ್ಕೆ ಜಗಳವಾಡುತ್ತಿದ್ದರು.

ಎಲ್ಲಿಂದ ಶುರುವಾದರೂ ಜಗಳ ಕೊನೆಗೆ 1966ಕ್ಕೆ ಬಂದು ನಿಲ್ಲುತ್ತದೆ. ಜನವರಿ 15ರಂದು ಸೈನ್ಯದ ಕೆಲವು ಮೇಜರ್‌ಗಳು ಕ್ರಾಂತಿ ಮಾಡಿದರು, ಅವರಲ್ಲಿ ಹೆಚ್ಚಿನವರು ಇಗ್ಬೊಗಳು. ಉತ್ತರದ ದೊಡ್ಡ ನಾಯಕ ಅಹ್ಮದು ಬೆಲ್ಲೊ, ಪ್ರಧಾನಿ ಬಲೇವಾ, ಯೊರುಬಾ ನಾಯಕ ಅಕಿಂಟೋಲಾ ಸತ್ತರು. ಜುಲೈನಲ್ಲಿ ಉತ್ತರದ ಸೈನಿಕರ ಪ್ರತಿಕ್ರಾಂತಿ. ಆ ವರ್ಷ ಉತ್ತರದಲ್ಲಿ ಸಾವಿರಾರು ಇಗ್ಬೊಗಳ ಕೊಲೆ. 1967ರ ಮೇ 30ಕ್ಕೆ ಇಗ್ಬೊ ಸೇನಾಧಿಕಾರಿ ಓಜುಕ್ವು ಪೂರ್ವ ಪ್ರಾಂತ್ಯವನ್ನು ಬಯಾಫ್ರಾ ಎಂಬ ಬೇರೆ ದೇಶವೆಂದು ಘೋಷಿಸಿದರು. 1970ರ ಜನವರಿವರೆಗೆ ಯುದ್ಧ, ಹಸಿವಿನಿಂದ ಸತ್ತ ಮಕ್ಕಳಿಗೆ ಲೆಕ್ಕವಿಲ್ಲ. ಗೆದ್ದವರಿಲ್ಲ, ಸೋತವರಿಲ್ಲ ಎಂದು ಆಗಿನ ಸೇನಾಡಳಿತದ ಮುಖ್ಯಸ್ಥ ಗೊವೊನ್ ಸಾರಿದರು.

ನಂತರದ ಒಂದು ವಿಷಯ ನನ್ನ ಲೆಕ್ಕದ ತಲೆಗೆ ತಕ್ಷಣ ನಾಟಿತು. 20 ಪೌಂಡ್. ಯುದ್ಧ ಮುಗಿದ ಮೇಲೆ ಇಗ್ಬೊಗಳ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ಇದ್ದಿರಲಿ, ಕೈಗೆ ಕೊಟ್ಟದ್ದು 20 ಪೌಂಡ್. ಆಗ ಹಣಕಾಸು ನೋಡಿಕೊಳ್ಳುತ್ತಿದ್ದವರು ಅವೊಲೊವೊ. ಯುದ್ಧದ ಕಾಲದಲ್ಲಿ ಬಯಾಫ್ರಾ ನೋಟಿನಲ್ಲಿ ವಹಿವಾಟು ನಡೆದ ಖಾತೆಗಳಿಗೆ ಮಾತ್ರ ಹಾಗೆ ಮಾಡಿದ್ದು, ಬೇರೆ ದಾರಿ ಇರಲಿಲ್ಲ ಎಂದು ಅವರ ಕಡೆಯವರ ವಾದ. ಸ್ಟೋರ್ ಕೀಪರ್‌ನ ಅಜ್ಜ ಸೈಕಲ್ ಬಿಡಿಭಾಗ ಮಾರುತ್ತಿದ್ದವರಂತೆ. ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತು 20 ಪೌಂಡ್ ತಂದು, ಆ ಪಾಸ್‌ಬುಕ್ ಅನ್ನು ಸಾಯುವವರೆಗೂ ಇಟ್ಟುಕೊಂಡಿದ್ದರಂತೆ. ಇಂಥ ಮನೆಯ ಹುಡುಗನಿಗೆ "ಹಳೇದೆಲ್ಲ ಬಿಡು" ಎಂದು ಹೇಳುವುದು ಸುಲಭ. ಇನ್ನೊಂದು ಕಡೆ, ಮೇಡಂ ಅಪ್ಪ 1993ರ ಜೂನ್ 12ಕ್ಕೆ ಅಬಿಯೋಲಾಗೆ ವೋಟು ಹಾಕಿದವರು. ಯೊರುಬಾ ಅಬಿಯೋಲಾ ಗೆದ್ದರು, ಆಗಿನ ಸೇನಾ ಆಡಳಿತಗಾರ ಬಾಬಂಗಿಡಾ ಚುನಾವಣೆಯನ್ನೇ ರದ್ದು ಮಾಡಿದರು, ಅಬಿಯೋಲಾ 1998ರಲ್ಲಿ ಬಂಧನದಲ್ಲೇ ಸತ್ತರು. "ಆಗ ನೀವೆಲ್ಲಿದ್ದಿರಿ?" ಎನ್ನುವುದು ಮೇಡಂ ಪ್ರಶ್ನೆ.

ಇದನ್ನು ಶಾಲೆಯಲ್ಲಿ ಕೂರಿಸಿ ಹೇಳಿಕೊಟ್ಟವರೂ ಇಲ್ಲ. 2009ರ ಹೊತ್ತಿಗೆ ಶಾಲೆಗಳ ಪಠ್ಯದಿಂದ ಇತಿಹಾಸವನ್ನೇ ಒಂದು ವಿಷಯವಾಗಿ ತೆಗೆದಿದ್ದರು, ಮತ್ತೆ ಸೇರಿಸಲು ವರ್ಷಗಳೇ ಹಿಡಿದವು. ನಡುವೆ ಬೆಳೆದ ಮಕ್ಕಳು ಇಗ್ಬೊ ಅಜ್ಜಿಯಿಂದ ಒಂದು 1966 ಕೇಳಿದರು, ಉತ್ತರದ ಹೌಸಾ ಜನಾಂಗದ ಅಜ್ಜನಿಂದ ಇನ್ನೊಂದು. 2025ರ ಫೆಬ್ರವರಿಯಲ್ಲಿ ಬಾಬಂಗಿಡಾ ಆತ್ಮಕಥೆ ಬಂತು. 1993ರಲ್ಲಿ ಅಬಿಯೋಲಾ ಗೆದ್ದಿದ್ದರು ಎಂದು ಅದರಲ್ಲಿ ಒಪ್ಪಿಕೊಂಡರು, 1966ರದ್ದು ಇಗ್ಬೊ ಕ್ರಾಂತಿ ಆಗಿರಲಿಲ್ಲ ಎಂದೂ ಬರೆದರು. ಮೇಡಂ ಮೊದಲ ಸುದ್ದಿ ಫಾರ್ವರ್ಡ್ ಮಾಡಿದರು. ಸ್ಟೋರ್ ಕೀಪರ್ ಎರಡನೆಯದು. ಮೊದಲನೆಯದು ನಿಜ, ಎರಡನೆಯದು ಮುದುಕನ ಸುಳ್ಳು ಎಂದು ಇವರು. ಅವನು ಇದನ್ನೇ ತಿರುಗಿಸಿ ಹೇಳಿದ. ನಾನಾಗ ಭಾರತಕ್ಕೆ ವಾಪಸ್ ಬಂದಿದ್ದೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ಇದನ್ನೇ ಓದುತ್ತಾ ಒಬ್ಬನೇ ನಗುತ್ತಿದ್ದರೆ ಹೆಂಡತಿ ಏನ್ರೀ ಅದು ಎಂದಳು. ಹೇಳಲು ಹೋದರೆ ಬ್ರಿಟಿಷರು ಉತ್ತರ ದಕ್ಷಿಣ ಸೇರಿಸಿ ನೈಜೀರಿಯಾ ಮಾಡಿದ 1914ರಿಂದ ಶುರು ಮಾಡಬೇಕು. ಸುಮ್ನೆ ಮಲಗಿದೆ.

ಇಂಟರ್ನೆಟ್ಟಿನ ಈ ಗದ್ದಲ ನೋಡಿ ಇದೇ ನೈಜೀರಿಯಾ ಎಂದುಕೊಂಡರೆ ಕೆಡುತ್ತೀರಿ. ನಮ್ಮ ಗೇಟಿನಲ್ಲಿದ್ದವರು ಒಬ್ಬ ಹೌಸಾ ಕಾವಲುಗಾರ, ಮಾಲಮ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಊರು ವಾಯವ್ಯ ಮೂಲೆಯ ಝಂಫಾರಾ. ಬಟನ್ ಫೋನು, ಕಿವಿಗೆ ಆನಿಸಿಕೊಂಡ ಪುಟ್ಟ ರೇಡಿಯೋ, ಅದರಲ್ಲಿ ಬಿಬಿಸಿ ಹೌಸಾ. ಇಂಗ್ಲಿಷ್ ಟ್ವಿಟರ್‌ನಲ್ಲಿ ಓಬಿ ಗೆದ್ದೇಬಿಟ್ಟಿದ್ದರು. ನಿಜದಲ್ಲಿ ಮೂರನೇ ಸ್ಥಾನ, 61 ಲಕ್ಷ. ಉತ್ತರದ ಅತಿಕು ಅಬೂಬಕರ್‌ಗೆ 69 ಲಕ್ಷ ಚಿಲ್ಲರೆ, ಟಿನುಬುಗೆ 87 ಲಕ್ಷ ಚಿಲ್ಲರೆ. ಮಾಲಮ್‌ನಂಥವರು ಹ್ಯಾಷ್‌ಟ್ಯಾಗ್ ಹಾಕುವುದಿಲ್ಲ, ವೋಟು ಹಾಕುತ್ತಾರೆ. ಇನ್ನು ನಮ್ಮ ಡ್ರೈವರ್ ಡೆಲ್ಟಾದ ಉರ್‌ಹೋಬೊ. ಈ ಮೂರು ದೊಡ್ಡ ಜನ ಜಗಳಾಡುವುದು ನಮ್ಮ ಎಣ್ಣೆ ದುಡ್ಡಿಗೆ ಎಂದು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ.

ನನ್ನ ಸಿಟ್ಟು ಮೊಬೈಲಿನ ಮೇಲಲ್ಲ, ಒಂದು ಅರ್ಜಿಯ ಮೇಲೆ. ಸಂಬಳದ ಫೈಲುಗಳೆಲ್ಲ ನನ್ನ ಕಪಾಟಿನಲ್ಲಿದ್ದವು. ಪ್ರತಿ ಫೈಲಿನ ಮೊದಲ ಹಾಳೆಯಲ್ಲಿ ಹೆಸರು, ಹುಟ್ಟಿದ ತಾರೀಕು, ಅದರ ಕೆಳಗೆ "ಮೂಲ ರಾಜ್ಯ". ಎಲ್ಲಿ ಹುಟ್ಟಿದಿರಿ, ಎಲ್ಲಿ ತೆರಿಗೆ ಕಟ್ಟುತ್ತೀರಿ ಎಂದಲ್ಲ. ನಿಮ್ಮ ಅಪ್ಪನ ಅಪ್ಪ ಎಲ್ಲಿಯವರು ಎಂದು. ಅದಕ್ಕೆ ಆ ಊರಿನ ಸ್ಥಳೀಯ ಸರ್ಕಾರದಿಂದ ಸರ್ಟಿಫಿಕೇಟ್ ಬೇಕು. ಅಜಿಕಿವೆ, ಓಜುಕ್ವು ಇಬ್ಬರೂ ಹುಟ್ಟಿದ್ದು ಉತ್ತರದ ಝುಂಗೇರುವಿನಲ್ಲಿ. ಇಬ್ಬರೂ ಲಾಗೋಸಿನಲ್ಲಿ ಓದಿದವರು, ಹೌಸಾ ಯೊರುಬಾ ಎರಡೂ ಮಾತಾಡುತ್ತಿದ್ದವರು. ಈ ಅರ್ಜಿಯ ಪ್ರಕಾರ ಇಬ್ಬರೂ ಅನಂಬ್ರಾದವರು, ಮುಗಿಯಿತು. ಸರ್ಕಾರಿ ನೌಕರಿ, ಸೈನ್ಯ, ಮಂತ್ರಿಗಿರಿ ಎಲ್ಲದರಲ್ಲೂ ರಾಜ್ಯವಾರು ಪಾಲು ನೋಡಬೇಕು ಎಂದು 1979ರ ಸಂವಿಧಾನದಿಂದಲೂ ನಿಯಮವಿದೆ. ಉದ್ದೇಶ ಒಳ್ಳೆಯದೇ. ಆದರೆ ಯಾವ ಜನ ಎಷ್ಟಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. 2006ರ ಜನಗಣತಿಯಲ್ಲಿ ಜನಾಂಗ, ಧರ್ಮ ಎರಡನ್ನೂ ಕೇಳಲೇ ಇಲ್ಲ, ಅದಾದ ಮೇಲೆ ಗಣತಿಯೇ ಆಗಿಲ್ಲ. ಎಣಿಸದೇ ಹಂಚಿದರೆ ಜಗಳ ಬರದೆ ಇನ್ನೇನು ಬರುತ್ತದೆ?

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸ್ಟೋರ್ ಕೀಪರ್ ಫೋನಿನಲ್ಲಿ ಒಂದು ಹಳೇ ಪಟ್ಟಿ ತೋರಿಸಿದ. ಯೂನಿಟಿ ಸ್ಕೂಲುಗಳ ಪ್ರವೇಶಕ್ಕೆ ರಾಜ್ಯವಾರು ಕನಿಷ್ಠ ಅಂಕ, 2013ರದ್ದು. ಈಗಲೂ ತಿಂಗಳಿಗೊಮ್ಮೆ ಎಲ್ಲಾದರೂ ಸುತ್ತುತ್ತಲೇ ಇರುತ್ತದೆ. ಎಲ್ಲ ಜನಾಂಗದ ಮಕ್ಕಳೂ ಒಟ್ಟಿಗೆ ಓದಲಿ ಎಂದು ಇರುವ ಕೇಂದ್ರದ ಶಾಲೆಗಳು ಇವು. ಅನಂಬ್ರಾಕ್ಕೆ 139. ಲಾಗೋಸಿಗೆ 133. ಅವನ ಮಗಳು ಹುಟ್ಟಿದ್ದು ಲಾಗೋಸಿನಲ್ಲೇ, ಅನಂಬ್ರಾ ನೋಡಿದ್ದು ಕ್ರಿಸ್‌ಮಸ್‌ಗೆ ಮಾತ್ರ. "ಬಾಡಿಗೆ ಇಲ್ಲಿ, ಟ್ಯಾಕ್ಸ್ ಇಲ್ಲಿ, ಆರು ಮಾರ್ಕ್ಸ್ ಜಾಸ್ತಿ ಯಾಕೆ ಓಗಾ?" ಎಂದ. ಮೇಡಂ ಡಬ್ಬಿಯಿಂದ ತಲೆ ಎತ್ತಿದರು. ಅವರ ಓಗುನ್‌ಗೆ 131, ಅವರ ತಂಗಿ ಮಗನಿಗೆ ಬಂದದ್ದು 130. "ನಾನು ಯಾರನ್ನ ಕೇಳಲಿ?" ಎಂದರು. ಆಮೇಲೆ ಇಬ್ಬರೂ ಪಟ್ಟಿಯ ಕೆಳಕ್ಕೆ ಹೋದರು. ಝಂಫಾರಾ, ಗಂಡು ಮಕ್ಕಳಿಗೆ 4, ಹೆಣ್ಣು ಮಕ್ಕಳಿಗೆ 2. ಇನ್ನೂರ ಎರಡಲ್ಲ, ಬರೀ 2. ಇಬ್ಬರೂ ಒಟ್ಟಿಗೆ ನಕ್ಕರು. ಚುನಾವಣೆ ಆದ ಮೇಲೆ ಅವರಿಬ್ಬರೂ ಒಂದೇ ಮಾತಿಗೆ ನಕ್ಕಿದ್ದು ಅದೇ ಮೊದಲು.

ನನಗೆ ನಗು ಬರಲಿಲ್ಲ. 2021ರ ಫೆಬ್ರವರಿಯಲ್ಲಿ ಅದೇ ಝಂಫಾರಾದ ಜಂಗೇಬೆಯ ಹಾಸ್ಟೆಲ್ಲಿನಿಂದ ಬಂದೂಕುಧಾರಿಗಳು 279 ಹುಡುಗಿಯರನ್ನು ಹೊತ್ತೊಯ್ದಿದ್ದರು. ಕೆಲವೇ ದಿನಗಳಲ್ಲಿ ಬಿಟ್ಟರು, ನಿಜ. ಆದರೆ ಅದಾದ ಮೇಲೆ ಮಾಲಮ್ ತಮ್ಮ ಮಗಳನ್ನು ಊರಿಂದ ಕರೆಸಿಕೊಂಡು ಲಾಗೋಸಿನ ಅಗೆಗೆಯ ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿನ ಪ್ರೈಮರಿ ಶಾಲೆಗೆ ಹೋಗುತ್ತಿದ್ದಳು.

ಸ್ಟೋರ್ ಕೀಪರ್ ಗೇಟಿಗೆ ಹೋಗಿ ಮಾಲಮ್‌ಗೆ ಪಟ್ಟಿ ತೋರಿಸಿದ. ನಿನ್ನ ಮಗಳಿಗೆ ಎರಡೇ ಮಾರ್ಕ್ಸ್ ಸಾಕಂತೆ ಎಂದ. ಮಾಲಮ್ ರೇಡಿಯೋ ಸಣ್ಣದು ಮಾಡಿ ಅವನ ಜೊತೆ ತಾವೂ ನಕ್ಕರು. ಆಮೇಲೆ, ಹಾಗಾದರೆ ಆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು.