ಉಪಕರದ ಹಣ ಎಲ್ಲಿಗೆ ಹೋಗುತ್ತದೆ?

ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಸಾರ್ವಜನಿಕ ಹಣಕಾಸಿನ ಪಾಠಗಳು ಆರಂಭದಲ್ಲೇ ಹೇಳಿಬಿಡುತ್ತವೆ. ಶುಲ್ಕ ಕಟ್ಟಿದವರು ಅದಕ್ಕೆ ಪ್ರತಿಯಾಗಿ ಒಂದು ನಿರ್ದಿಷ್ಟ ಸೇವೆಯನ್ನು ಕೇಳಬಹುದು. ತೆರಿಗೆ ಕಟ್ಟಿದವರಿಗೆ ಅಂಥ ಹಕ್ಕಿಲ್ಲ. ಅವರ ಹಣ ಸಂಚಿತ ನಿಧಿಗೆ, ಅಂದರೆ ಸರ್ಕಾರದ ವರಮಾನವೆಲ್ಲ ಬಂದು ಬೀಳುವ ಬೊಕ್ಕಸಕ್ಕೆ ಸೇರಿ, ಶಾಸನಸಭೆಯ ಒಪ್ಪಿಗೆಯ ಮೇಲೆ, ಆ ವರ್ಷ ಯಾವುದು ಹೆಚ್ಚು ಅಗತ್ಯವೋ ಅದಕ್ಕೆ ಖರ್ಚಾಗುತ್ತದೆ. ಕೊಡುವವರ ಶಕ್ತಿ ನೋಡಿ ವಸೂಲಿ, ಪಡೆಯುವವರ ಅಗತ್ಯ ನೋಡಿ ವೆಚ್ಚ ಎಂಬ ಈ ಏರ್ಪಾಡಿನ ಬಲವೆಲ್ಲ ಇರುವುದು ಎರಡನ್ನೂ ಒಂದಕ್ಕೊಂದು ಗಂಟು ಹಾಕದೆ ಬಿಟ್ಟಿರುವುದರಲ್ಲಿ. ಸೆಸ್ ಅಥವಾ ಉಪಕರ ಆ ಗಂಟನ್ನು ಹಾಕುತ್ತದೆ: ತೆರಿಗೆಯಷ್ಟೇ ಕಡ್ಡಾಯವಾದರೂ ಇಂಥ ಕೆಲಸಕ್ಕೇ ಎಂದು ಮೀಸಲಿಟ್ಟ ಹಣ ಅದು.

ಸರ್ಕಾರಗಳಿಗೆ ಇದು ಪ್ರಿಯವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ತೆರಿಗೆ ಏರಿಸುತ್ತೇವೆ ಎಂದರೆ ಗಲಾಟೆಯಾಗುತ್ತದೆ, ಮಕ್ಕಳ ಓದಿಗೆಂದು ನೂರಕ್ಕೆ ಎರಡು ರೂಪಾಯಿ ಕೊಡಿ ಎಂದರೆ ಯಾರೂ ತುಟಿ ಬಿಚ್ಚುವುದಿಲ್ಲ.

ಕರ್ನಾಟಕದ ನಗರವಾಸಿಗಳಿಗೆ ಇದು ಹೊಸದೇನಲ್ಲ. ಆಸ್ತಿ ತೆರಿಗೆಯ ರಸೀದಿಯಲ್ಲಿ ಮೂಲ ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂಬ ಸಾಲುಗಳಿರುತ್ತವೆ. ಮನೆಯ ತೆರಿಗೆ 5,000 ರೂಪಾಯಿಯಾದರೆ ಈ ಮೂರಕ್ಕೆ ಕ್ರಮವಾಗಿ 750, 300 ಮತ್ತು 150, ಒಟ್ಟು 1,200 ರೂಪಾಯಿ ಸೇರುತ್ತದೆ. ಗ್ರಂಥಾಲಯ ಕರಕ್ಕೆ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಆಧಾರವಿದೆ, ಭಿಕ್ಷುಕರ ಕರಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ಈ ಪೈಕಿ ಗ್ರಂಥಾಲಯ ಕರವನ್ನು ನಾನು ಒಪ್ಪುತ್ತೇನೆ. ರಸ್ತೆ, ಚರಂಡಿ, ಕುಡಿಯುವ ನೀರಿನ ಜೊತೆ ಪೈಪೋಟಿಗಿಳಿದರೆ ಯಾವ ನಗರಸಭೆಯ ಬಜೆಟ್ಟಿನಲ್ಲೂ ಪುಸ್ತಕದ ಸರದಿ ಬರುವುದು ಕೊನೆಗೇ. ಪ್ರತಿ ರೂಪಾಯಿಗೆ 6 ಪೈಸೆಯನ್ನು ಕಾನೂನೇ ತೆಗೆದಿಡದಿದ್ದರೆ ಓಣಿಯ ವಾಚನಾಲಯಗಳಲ್ಲಿ ಅನೇಕವು ಬಾಗಿಲು ತೆರೆಯುತ್ತಲೇ ಇರಲಿಲ್ಲ. ಆದರೂ ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯ ಇಲಾಖೆಗೆ ವರ್ಗಾಯಿಸದೆ ಬಾಕಿ ಉಳಿಸಿಕೊಳ್ಳುವ ದೂರು ಹಳೆಯದು.

ಮೀಸಲಿಟ್ಟ ಮಾತ್ರಕ್ಕೆ ಹಣ ಮುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಕೇಂದ್ರದ ಶಿಕ್ಷಣ ಉಪಕರ. 2004ರಲ್ಲಿ, ಕಟ್ಟುವ ತೆರಿಗೆಯ ಮೇಲೆ ಶೇ 2ರ ದರದಲ್ಲಿ ಅದು ಬಂದಾಗ ಮರುವರ್ಷವೇ ಪ್ರಾರಂಭಿಕ ಶಿಕ್ಷಾ ಕೋಶ ಎಂಬ ಪ್ರತ್ಯೇಕ ನಿಧಿ ತೆರೆದು, ಸರ್ವ ಶಿಕ್ಷಾ ಅಭಿಯಾನಕ್ಕೂ ಮಧ್ಯಾಹ್ನದ ಬಿಸಿಯೂಟಕ್ಕೂ ಅದರಿಂದ ಹಣ ಕೊಡುವ ವ್ಯವಸ್ಥೆಯಾಯಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇ 1 ಸೇರಿಸಿದರು. ಅದಕ್ಕೆ ನಿಧಿ ಸ್ಥಾಪಿಸಲು ಸಂಪುಟ ಒಪ್ಪಿದ್ದು 2017ರಲ್ಲಿ. ನಡುವಿನ ವರ್ಷಗಳ ವಸೂಲಿ ಸಂಚಿತ ನಿಧಿಯಲ್ಲೇ ಉಳಿದದ್ದನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. 2018ರಿಂದ ಎರಡನ್ನೂ ಕೂಡಿಸಿ ಆರೋಗ್ಯ ಮತ್ತು ಶಿಕ್ಷಣ ಉಪಕರವೆಂದು ಶೇ 4 ವಸೂಲು ಮಾಡಲಾಗುತ್ತಿದೆ.

ನಿಧಿಯಿದ್ದು, ಹಣ ಅಲ್ಲಿಗೇ ಹೋದರೂ ಇನ್ನೊಂದು ತೊಡಕಿದೆ. ಉಪಕರದಿಂದ ಹೇಗೂ ಬರುತ್ತದಲ್ಲ ಎಂದು ಹಣಕಾಸು ಇಲಾಖೆ ಅದೇ ಬಾಬಿಗೆ ಮೊದಲು ಕೊಡುತ್ತಿದ್ದ ಸಾಮಾನ್ಯ ಅನುದಾನವನ್ನು ಸದ್ದಿಲ್ಲದೆ ಇಳಿಸಿದರೆ, ಲೆಕ್ಕದ ಪ್ರಕಾರ ಒಂದು ಪೈಸೆಯೂ ದುರುಪಯೋಗವಾಗಿರುವುದಿಲ್ಲ, ಶಾಲೆಗೆ ಒಂದು ಪೈಸೆಯೂ ಹೆಚ್ಚಿಗೆ ಸಿಕ್ಕಿರುವುದಿಲ್ಲ.

ನನ್ನ ಮುಖ್ಯ ತಕರಾರು ಮಾತ್ರ ಬೇರೆಡೆ ಇದೆ. 2000ನೇ ಇಸವಿಯ 80ನೇ ಸಂವಿಧಾನ ತಿದ್ದುಪಡಿ ಕೇಂದ್ರದ ಬಹುತೇಕ ಎಲ್ಲ ತೆರಿಗೆಗಳನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ಮೊತ್ತದೊಳಗೆ ತಂದಿತು, ಉಪಕರ ಮತ್ತು ಸರ್ಚಾರ್ಜುಗಳನ್ನು (ತೆರಿಗೆಯ ಮೇಲೆ ಹೇರುವ ಹೆಚ್ಚುವರಿ ತೆರಿಗೆಗಳನ್ನು) ಹೊರಗಿಟ್ಟಿತು. ಇದರ ಪರಿಣಾಮವನ್ನು 2021ರ ಫೆಬ್ರುವರಿಯ ಒಂದು ಲೀಟರ್ ಪೆಟ್ರೋಲಿನಲ್ಲಿ ನೋಡಬಹುದು. ಅಂದು ಕೇಂದ್ರದ ಅಬಕಾರಿ ಸುಂಕ ಒಟ್ಟು 32.90 ರೂಪಾಯಿ. ಅದರಲ್ಲಿ ರಸ್ತೆ ಮತ್ತು ಮೂಲಸೌಕರ್ಯ ಉಪಕರ 18 ರೂಪಾಯಿ, ಸರ್ಚಾರ್ಜಿನ ರೂಪದ ವಿಶೇಷ ಹೆಚ್ಚುವರಿ ಸುಂಕ 11, ಕೃಷಿ ಮೂಲಸೌಕರ್ಯ ಉಪಕರ 2.50, ಹಂಚಿಕೆಗೆ ಸಿಗುವ ಮೂಲ ಸುಂಕ ಬರೇ 1.40. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ ಹದಿನೈದನೆಯದು ನಿಗದಿ ಮಾಡಿದ ಶೇ 41ರ ಪ್ರಕಾರ ಎಲ್ಲ ರಾಜ್ಯಗಳಿಗೂ ಸೇರಿ ಬಂದದ್ದು ಲೀಟರಿಗೆ ಸುಮಾರು 57 ಪೈಸೆ. ಅದೇ ಆಯೋಗ ರಾಜ್ಯಗಳ ಪಾಲಿನಲ್ಲಿ ಕರ್ನಾಟಕದ ಭಾಗವನ್ನು ಶೇ 4.713ರಿಂದ 3.647ಕ್ಕೆ ಇಳಿಸಿದಾಗ ಇಲ್ಲಿ ಭಾರಿ ಚರ್ಚೆಯಾಯಿತು. ಆ ಚರ್ಚೆ ನ್ಯಾಯವಾದದ್ದೇ. ಆದರೆ ಹಂಚಬೇಕಾದ ಮೊತ್ತವೇ ಕುಗ್ಗುತ್ತಿದ್ದರೆ ಶೇಕಡಾವಾರಿನ ಮೇಲಿನ ಜಗಳದಿಂದ ಯಾವ ರಾಜ್ಯಕ್ಕೂ ದೊಡ್ಡ ಲಾಭವಿಲ್ಲ. ರಸ್ತೆಯ ಹೆಸರಿನಲ್ಲಿ ವಸೂಲಾದದ್ದು ರಸ್ತೆಗೇ ಹೋಗಿದ್ದರೂ, ಯಾವ ರಸ್ತೆ ಮೊದಲು ಎಂಬ ತೀರ್ಮಾನ ರಾಜ್ಯದ ಶಾಸನಸಭೆಯ ಕೈಬಿಟ್ಟು ದೆಹಲಿಗೆ ಹೋಯಿತು.

ಕೊಡುವವರಿಗೂ ಪಡೆಯುವವರಿಗೂ ನೇರ ಸಂಬಂಧವಿದ್ದಾಗ ಉಪಕರವನ್ನು ಸಮರ್ಥಿಸಬಹುದು. ಕಟ್ಟಡ ಕಟ್ಟಿಸುವವರು ವೆಚ್ಚದ ಶೇ 1ನ್ನು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕೊಡಬೇಕೆಂದು 1996ರ ಕಾಯ್ದೆ ತಂದ ನಿಯಮ ಅಂಥದ್ದು. (ಅಲ್ಲಿಯೂ ದೇಶದಾದ್ಯಂತ ಸಾವಿರಾರು ಕೋಟಿ ಖರ್ಚಾಗದೆ ಉಳಿದದ್ದನ್ನೂ, ಈ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಕೊಂಡದ್ದನ್ನೂ 2018ರಲ್ಲಿ ಸುಪ್ರೀಂ ಕೋರ್ಟು ಟೀಕಿಸಬೇಕಾಯಿತು.) ಇದರ ಜೊತೆಗೆ ಪ್ರತಿ ಉಪಕರಕ್ಕೂ ಕಾಯ್ದೆಯಲ್ಲೇ ಒಂದು ಕೊನೆಯ ದಿನಾಂಕ ಇರಬೇಕು. ಜಿಎಸ್‌ಟಿ ಬಂದಾಗ ರಾಜ್ಯಗಳಿಗಾಗುವ ವರಮಾನ ನಷ್ಟ ತುಂಬಲು ಹಾಕಿದ ಪರಿಹಾರ ಉಪಕರಕ್ಕೆ ಅದಿತ್ತು. 2017ರ ಜುಲೈನಿಂದ ಐದು ವರ್ಷ ಎಂದು ಅವಧಿ ಹಾಕಿ, ಬಂದದ್ದನ್ನು ರಾಜ್ಯಗಳಿಗೇ ಕೊಡಲಾಯಿತು. ಕೋವಿಡ್ ಕಾಲದಲ್ಲಿ ವಸೂಲಿ ಸಾಲದೆ ರಾಜ್ಯಗಳ ಪರವಾಗಿ ಕೇಂದ್ರ ಎರಡು ವರ್ಷಗಳಲ್ಲಿ ಸುಮಾರು 2.69 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿದ್ದರಿಂದ, ಅದನ್ನು ತೀರಿಸಲು ಅವಧಿಯನ್ನು 2026ರ ಮಾರ್ಚ್‌ವರೆಗೆ ಚಾಚಿದರು. ಕಾರಣವನ್ನೂ ಮೊತ್ತವನ್ನೂ ಬಹಿರಂಗವಾಗಿ ಹೇಳಿ ಚಾಚಿದ್ದರಿಂದ ಅದನ್ನು ಪ್ರಶ್ನಿಸಲು, ಲೆಕ್ಕ ಕೇಳಲು ರಾಜ್ಯಗಳಿಗೆ ಅವಕಾಶವಿತ್ತು. ಶಿಕ್ಷಣ ಉಪಕರಕ್ಕೆ ಅಂಥ ದಿನಾಂಕ ಇಂದಿಗೂ ಇಲ್ಲ.